ಎದ್ದು ಹೋದರೆ ಕರೆಯುತ್ತಾರೆ

ಕೇಳದವರಿಗೂ ಸಲಹೆ ಕೊಡುವುದು ನನ್ನ ದುಶ್ಚಟವೆಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಎತ್ತಿನ ದಲಾಲಿ ಮಾಡಿಯೇ ಕುಷ್ಟಗಿಯಲ್ಲಿ ಮನೆ ಕಟ್ಟಿದವನು, ಕಲಿತದ್ದನ್ನು ಯಾರಿಗೂ ಹೇಳದೆ ಸತ್ತರೆ ನಷ್ಟ ಯಾರಿಗೆ?

ಹಾಗಾಗಿ ಸೊಸೆ ಸುಮಾ ಕೆಲಸ ಹುಡುಕಲು ಕೂತಾಗ ನಾನೂ ಕುರ್ಚಿ ಎಳೆದುಕೊಂಡೆ. ಅವಳು ಕಂಪ್ಯೂಟರಿನಲ್ಲಿ ಮನೆಗಳ ನಕ್ಷೆ ಬಿಡಿಸುವವಳು. ಮಗ ಇಲ್ಲಿಯೇ ಶಾಲೆಯ ಮಾಸ್ತರ. ಮನೆಯಲ್ಲೇ ಕೂತು ಮಾಡುವ ವಿದೇಶದ ಕೆಲಸ ಸಿಗದಿದ್ದರೆ ಅವಳು ಪುಣೆಯ ಹಳೆಯ ಆಫೀಸಿಗೆ ಮರಳಬೇಕು. ಗಂಡ ಇಲ್ಲಿ, ಹೆಂಡತಿ ಅಲ್ಲಿ. "ಸಂತಿ ತಿರಗಿದಂಗ ದೇಶ ತಿರಗಬೇಕವ್ವಾ" ಎಂದು, ಸೋಮವಾರ ಜರ್ಮನಿ, ಮಂಗಳವಾರ ಕೆನಡಾ ಎಂದು ವಾರ ಗೊತ್ತುಮಾಡಿದೆ. ನಮ್ಮ ಕಾಲದಲ್ಲಿ ಇಂದು ಯಲಬುರ್ಗಾ, ನಾಳೆ ಕೊಪ್ಪಳ, ಆಮೇಲೆ ಗಂಗಾವತಿ. ನಸುಕಿನಲ್ಲಿ ಎತ್ತುಗಳ ಕೊರಳಗಂಟೆಯ ಹಿಂದೆ ನಡೆಯುತ್ತ, ಇರಕಲ್ಲಗಡದಲ್ಲಿ ಬಿಸಿ ಮಿರ್ಚಿ ತಿನ್ನುತ್ತಿದ್ದೆವು. ಆ ಮಿರ್ಚಿಯ ರುಚಿ ಈಗ ಯಾವ ಎಣ್ಣೆಗೂ ಬರುವುದಿಲ್ಲ. ಇರಲಿ. ಅರ್ಜಿ ಅವಳದು, ಉಸ್ತುವಾರಿ ನನ್ನದು.

ಕೊನೆಗೆ ಹಾಲೆಂಡಿನ ಕಂಪನಿಯೊಂದರ ಅಧಿಕಾರಿ ಹೆಂಗಸು, ನಮ್ಮ ಕಡೆಯ ಮಾತಿನಲ್ಲಿ ಬಾಯಿ, ವಿಡಿಯೋದಲ್ಲಿ ಮಾತಾಡಲು ಒಪ್ಪಿದಳು. ನನ್ನ ಮುಖ್ಯ ಪಾಠ ಹೇಳಿದೆ: "ದರ ಹೇಳಿದ ಕೂಡ್ಲೇ ಎದ್ದು ಹೋಗಿಬಿಡು. ಹಿಂದಿಂದ ಕರದ ಕರೀತಾರ."

"ವಿಡಿಯೋದಾಗ ಎಲ್ಲಿಗೆ ಎದ್ದು ಹೋಗ್ಲಿರಿ ಮಾವಾರ?"

"ಅಡಗಿಮನಿಗೆ!"

ಹೀಗೆ ಎದ್ದು ಬಂದೇ ಅವಳ ಮದುವೆಯ ಸೀರೆಯನ್ನು ಅರ್ಧ ಬೆಲೆಗೆ ತಂದಿದ್ದೆವು. ಪಾಪ, ನಂಬಿದಳು. ಆ ಬಾಯಿ ಪಗಾರ ಹೇಳಿದಳು. ಸುಮಾ ಎದ್ದು ಅಡುಗೆಮನೆಗೆ ಬಂದಳು. ಖಾಲಿ ಕುರ್ಚಿಗೆ ಆ ಬಾಯಿ "ಹಲೋ, ಹಲೋ" ಎಂದಳು. "ಕರದ್ಲು ನೋಡು! ತಡಿ, ಇನ್ನೊಂದು ಸರ್ತಿ ಕರೀಲಿ" ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಪರದೆ ಕಪ್ಪಾಯಿತು. ಸಂತೆಯಲ್ಲಾದರೆ ಯಾರಾದರೂ ಓಡಿ ಬಂದು ಹೆಗಲು ಹಿಡಿಯುತ್ತಿದ್ದರು.

ಸುಮಾ ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆದಳು. ಹೆಂಡತಿ ನನ್ನತ್ತ ತಿರುಗಿದಳು: "ಎತ್ತು ಹೋದ್ರ ಮತ್ತೊಂದು ತರ್ತೀರಿ. ಸೊಸಿ ಹೋದ್ರ ಏನ್ ಮಾಡ್ತೀರಿ?"

ನಾನು ನನ್ನ ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ಎಳೆದಿಟ್ಟೆ. ಸುಮಾ ತಾನೇ ಆ ಬಾಯಿಗೆ ನಿಜ ಬರೆದಳು: ಮಾವ ಎತ್ತಿನ ದಲ್ಲಾಳಿ, ನಮ್ಮ ಕಡೆ ಹೀಗೆ ಎದ್ದು ಹೋಗುವುದು ವ್ಯಾಪಾರದ ಪದ್ಧತಿ. ಮರುದಿನವೇ ಕರೆ ಬಂತು. ಆ ಬಾಯಿಯ ಅಜ್ಜ ಸಂತೆಯಲ್ಲಿ ಆಕಳು ಮಾರುತ್ತಿದ್ದನಂತೆ; ಅಂಗೈಗೆ ಅಂಗೈ ಬಡಿದು ವ್ಯಾಪಾರ ಮುಗಿಸುತ್ತಿದ್ದನಂತೆ. ಕೆಲಸ ಕೊಡುತ್ತೇನೆ, ಮೊದಲು ಆ ಮಾವನನ್ನು ತೋರಿಸು ಎಂದಳು.

ಇಸ್ತ್ರಿ ಧೋತ್ರ ಉಟ್ಟು ಕೂತೆ. ಪಗಾರ ಏರಿಸಲು ಇದೇ ಸಮಯವೆಂದು ಮಾತು ಜೋಡಿಸಿಕೊಂಡಿದ್ದೆ. ನಾನು ಮಾತು ತೆಗೆಯುವುದರೊಳಗೆ ಆ ಬಾಯಿ ನಗುತ್ತ ಪರದೆಯತ್ತ ಅಂಗೈ ಚಾಚಿದಳು. ತೀರಿಹೋದ ನನ್ನ ಜೊತೆಗಾರರೆಲ್ಲ ಒಮ್ಮೆಲೇ ನೆನಪಾದರು. ತಡೆಯಲಾಗದೆ ನಾನೂ ಕೈ ಚಾಚಿ ಗಾಜಿಗೆ ಬಡಿದೆ.

ಕೈಗೆ ಕೈ ಬಿದ್ದ ಮೇಲೆ ದರ ಎತ್ತಿದವನು ನಮ್ಮ ಸಂತೆಯಲ್ಲೂ ಮತ್ತೆ ಮುಖ ತೋರಿಸುವಂತಿಲ್ಲ. ಮೊದಲು ಹೇಳಿದ ಪಗಾರಕ್ಕೇ ವ್ಯಾಪಾರ ಮುಗಿಯಿತು. ಅಜ್ಜನ ಹತ್ತಿರ ಆ ಬಾಯಿ ಭಾಳ ಚೆನ್ನಾಗಿಯೇ ಕಲಿತಿದ್ದಾಳೆ.