ಮಡಕೆಯಲ್ಲಿ ಏನೂ ಇಲ್ಲ

ಹೊರಗೆ ಪರದೆಯ ಮುಂದೆ ಕೂತು ಆಡುವವರಿಗೆ ಅದು ಆಟ. ಒಳಗಿದ್ದವರಿಗೆ ಸಂಸಾರ. ಆಡುವವರು ತಮ್ಮ ತಮ್ಮ ವೀರರನ್ನು ಆ ಲೋಕಕ್ಕೆ ಇಳಿಸಿಬಿಡುತ್ತಿದ್ದರು. ವೀರರು ಕತ್ತಿ ಹಿಡಿದು, ಹೇಳುವವರಿಲ್ಲ ಕೇಳುವವರಿಲ್ಲ ಎಂಬಂತೆ ಯಾರ ಮನೆಗೆ ಬೇಕಾದರೂ ನುಗ್ಗುತ್ತಿದ್ದರು. ಪೆಟ್ಟಿಗೆ ಕಂಡರೆ ತೆರೆಯುವುದು, ಮಡಕೆ ಕಂಡರೆ ಒಡೆಯುವುದು. ಒಳಗೆ ಚಿನ್ನ ಇರಬಹುದಂತೆ! ಅಂಥ ಲೋಕದಲ್ಲಿ ಹುಟ್ಟಿ, ಹೋಗಿ ಹೋಗಿ ಕುಂಬಾರನಾದವನ ಹಣೆಬರಹ ಹೇಗಿದ್ದೀತು, ನೀವೇ ಯೋಚಿಸಿ.

ಆ ಬೆಳಿಗ್ಗೆಯೂ ಒಬ್ಬ ವೀರ ಬಂದ. ಹೊಸ ಬೂಟು, ತಲೆಗೆ ಕೊಂಬಿನ ಟೋಪಿ. ಪಕ್ಕದ ಮನೆಯ ದರ್ಜಿಗೆಂದು ಕುಂಬಾರ ವಾರವಿಡೀ ತಟ್ಟಿ, ತೀಡಿ, ಸುಟ್ಟು ತಣ್ಣಗಾಗಲು ಇಟ್ಟಿದ್ದ ಗುಡಾಣಕ್ಕೆ ಕತ್ತಿಯ ಹಿಡಿಯಿಂದ ಒಂದು ಏಟು ಹಾಕಿದ. ಚೂರುಗಳ ನಡುವೆ ಬಗ್ಗಿ ನೋಡಿದ. ಏನೂ ಸಿಗದಿದ್ದಾಗ, ಬಾಗಿಲು ಹಾರು ಹೊಡೆದಿದ್ದರೂ ಕಿಟಕಿಯಿಂದ ಜಿಗಿದು ಹೋದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಗಾದೆ ಮಾಡಿದವನು ನಮ್ಮ ಮನೆಯಲ್ಲೇ ಕೂತು ಮಾಡಿರಬೇಕು ಎಂದುಕೊಂಡು ಕುಂಬಾರ ಚೂರು ಗುಡಿಸಿದ. ಗುಡಿಸುತ್ತ ಗುಡಿಸುತ್ತ ಅವನ ಸಿಟ್ಟು ನೆತ್ತಿಗೇರಿತು.

"ಇವತ್ತು ಅದನ್ನ ಪ್ರಕಟ ಮಾಡಿಸೇ ಮಾಡಿಸ್ತೀನಿ ಕಣೇ," ಎಂದು ಹೆಂಡತಿಗೆ ಅಂದ.

ಅದು ಅಂದರೆ ಪುಸ್ತಕ. ಮಡಕೆ ಸುಡುವ ಆವಿಗೆಯ ಬೆಂಕಿ ಕಾಯುವ ಹೊತ್ತಿನಲ್ಲೆಲ್ಲ ಬರೆದು ಬರೆದು ಕುಂಬಾರ ಒಂದು ಪುಸ್ತಕ ಮುಗಿಸಿದ್ದ. ಹೆಸರು 'ಮಡಕೆಯಲ್ಲಿ ಏನೂ ಇಲ್ಲ'. ಮಡಕೆ ಮಾಡಿದವನೇ ಹೇಳುತ್ತಿದ್ದೇನೆ, ಒಳಗೆ ಗಾಳಿ ಬಿಟ್ಟರೆ ಬೇರೇನೂ ಇಲ್ಲ, ದಯವಿಟ್ಟು ಒಡೆಯಬೇಡಿ ಎಂಬುದು ಅದರ ತಿರುಳು. ವೀರರಿಗೆ ಒಂದು ಗುಣ ಇತ್ತು. ಯಾವ ಪುಸ್ತಕ ಸಿಕ್ಕರೂ ಓದುತ್ತಿದ್ದರು. ಆದರೆ ಮೊದಲ ಪುಟ ಮಾತ್ರ. ಅದನ್ನು ಓದಿ, ಮುಚ್ಚಿ, ಚೀಲಕ್ಕೆ ಹಾಕಿದರೆ ಅವರ ಪಾಲಿಗೆ ಪುಸ್ತಕ ಮುಗಿದಂತೆ. ಅದಕ್ಕೇ ಕುಂಬಾರ ಹೇಳಬೇಕಾದ್ದನ್ನೆಲ್ಲ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿದ್ದ. ಅದೊಂದು ಪುಟ ಊರಿಗೆ ಮುಟ್ಟಿದರೆ ತನ್ನ ಮಡಕೆಗಳು ಉಳಿದುಕೊಳ್ಳುತ್ತವೆ ಎಂಬುದು ಅವನ ಲೆಕ್ಕಾಚಾರ.

ಪ್ರಕಾಶಕನ ಅಂಗಡಿ ಪೇಟೆ ಬೀದಿಯ ಮೂಲೆಯಲ್ಲಿತ್ತು. ಹಿಂದಿನ ಕೋಣೆಯಲ್ಲಿ ಮಂತ್ರ ಹಾಕಿದ ಗರಿಗಳು ಸಾಲಾಗಿ ನಿಂತು ತಾವೇ ಪ್ರತಿ ಬರೆಯುತ್ತಿದ್ದವು. ಎಷ್ಟೇ ದಪ್ಪದ ಪುಸ್ತಕವಾದರೂ ಅಡುಗೆ ಆಗುವಷ್ಟರಲ್ಲಿ ಕಪಾಟು ತುಂಬುವಷ್ಟು ಪ್ರತಿ ಸಿದ್ಧ. ಪ್ರಕಾಶಕ ಹಸ್ತಪ್ರತಿಯನ್ನು ಪ್ರೀತಿಯಿಂದಲೇ ಕೈಗೆತ್ತಿಕೊಂಡ.

"ಎಲ್ಲಿ ಸಿಕ್ತಪ್ಪಾ ಇದು?"

"ಸಿಗೋದೇನು ಬಂತು? ನಾನೇ ಬರೆದಿದ್ದು."

ಪ್ರಕಾಶಕ ಕಾದ ಬಾಣಲೆ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಬದುಕಿರುವವರು ಬರೆದದ್ದನ್ನು ತಾನು ತೆಗೆದುಕೊಳ್ಳುವುದಿಲ್ಲ ಅಂದ. ಬೀದಿಯಲ್ಲಿ ದಿನಾ ಕಾಣುವ ಮನುಷ್ಯ ಬರೆದದ್ದನ್ನು ಯಾರು ಓದುತ್ತಾರೆ? ಪುಸ್ತಕ ಅಂದರೆ ಸಿಗಬೇಕು. ಗುಹೆಯಲ್ಲಿ ಪೆಟ್ಟಿಗೆ ಇರಬೇಕು, ಮುಂದೆ ರಾಕ್ಷಸ ಕೂತಿರಬೇಕು, ವೀರನೊಬ್ಬ ಅವನನ್ನು ಕೊಂದು ಪುಸ್ತಕ ತರಬೇಕು. ಆಗ ಅದು ಗ್ರಂಥ. ಪ್ರಕಾಶಕ ಕಪಾಟಿನಿಂದ ಒಂದೊಂದನ್ನೇ ತೆರೆದು ತೋರಿಸಿದ. ಎಲ್ಲದರ ಮೊದಲ ಪುಟದಲ್ಲೂ ಎಲ್ಲಿ ಸಿಕ್ಕಿತು ಎಂಬ ವಿವರ. ಕುರಿ ಸಾಕುವ ಬಗೆಗಿನ ಪುಸ್ತಕ ಡ್ರ್ಯಾಗನ್ನಿನ ತಲೆದಿಂಬಿನ ಕೆಳಗೆ ಸಿಕ್ಕಿತ್ತಂತೆ. ಅದನ್ನು ಬರೆದವನು ಹಿಂದಿನ ಬೀದಿಯಲ್ಲಿ ಕುರಿ ಕಾಯುತ್ತಿರುವುದು ಊರಿಗೆಲ್ಲ ಗೊತ್ತು!

ಕುಂಬಾರ ಉರಿಯುತ್ತ ಹೊರಗೆ ಬಂದ. ಇದೆಂಥ ನ್ಯಾಯ? ಬರೆದವನು ಎದುರಿಗೆ ನಿಂತಿದ್ದರೆ ಬೇಡ, ಸತ್ತವನಂತೆ ನಟಿಸಿದರೆ ಬೇಕು!

ಗುಡಾಣ ಏನಾಯಿತೆಂದು ಕೇಳಲು ಬೆನ್ನಿಗೇ ಬಂದಿದ್ದ ದರ್ಜಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಊರಿನ ಎಲ್ಲರ ಅಳತೆಯೂ ತನ್ನ ಹತ್ತಿರ ಇದೆ ಎಂಬ ಹಮ್ಮಿನವನು ಅವನು. ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ, ಎಲ್ಲರೂ ಗುಟ್ಟಾಗಿ ಗುಹೆಗೆ ಹೋಗಿ ಇಟ್ಟು ಬರುತ್ತಾರೆ, ನೀನೂ ಇಟ್ಟು ಬಾ ಎಂದು ಸಲಹೆ ಕೊಟ್ಟ. ರಾಕ್ಷಸನ ಹತ್ತಿರ ಬರಿಗೈಲಿ ಹೋಗಬಾರದು ಎಂದೂ ಸೇರಿಸಿದ. ಕುಂಬಾರನ ಹತ್ತಿರ ಕೊಡಲು ಮಡಕೆ ಬಿಟ್ಟು ಇನ್ನೇನಿದೆ? ಇದ್ದುದರಲ್ಲಿ ಚೆಂದದ ಒಂದನ್ನು ಆರಿಸಿ, ಪುಸ್ತಕವನ್ನು ಅದರೊಳಗಿಟ್ಟು, ಹೆಗಲ ಮೇಲೆ ಹೊತ್ತು ಬಿಸಿಲಲ್ಲಿ ಬೆಟ್ಟ ಹತ್ತಿದ.

ಗುಹೆಯ ಮುಂದೆ ಲೇಖಕರ ಸಾಲು. ಎಲ್ಲರೂ ಒಬ್ಬರಿಗೊಬ್ಬರು ಗುರುತಿಲ್ಲದವರಂತೆ ಮುಖ ತಿರುಗಿಸಿ ನಿಂತಿದ್ದರು. ಕುರಿಯವನು ಎರಡನೇ ಪುಸ್ತಕ ಹಿಡಿದು ಬಂದಿದ್ದ. ರಾಕ್ಷಸ ಬಂಡೆಯ ಮೇಲೆ ಕೂತು, ಗದೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಬ್ಬೊಬ್ಬರದನ್ನೇ ಇಸಿದುಕೊಂಡು ಓದುತ್ತಿದ್ದ. ಅವನಿಗೂ ಅವನ ದುಃಖ ಇತ್ತು. ದಿನಾ ಮಧ್ಯಾಹ್ನ ಯಾವನೋ ವೀರ ಬಂದು ಕೊಲ್ಲುತ್ತಾನೆ, ಮಾರನೇ ಬೆಳಿಗ್ಗೆ ಎದ್ದು ಮತ್ತೆ ಕೂರಬೇಕು. ಚಿನ್ನಕ್ಕಾಗಿ ಸತ್ತರೆ ಅದೊಂದು ಮರ್ಯಾದೆ, ಇವರ ಪದ್ಯಗಳಿಗೋಸ್ಕರ ಸಾಯುವುದೇ ಎಂದು ಗೊಣಗುತ್ತಿದ್ದ.

ಕುಂಬಾರನ ಸರದಿ ಬಂತು. ರಾಕ್ಷಸ ಮೊದಲ ಪುಟ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ನಿಧಾನವಾಗಿ ಎದ್ದು ನಿಂತ.

"ಅಲ್ಲಯ್ಯಾ, ಮಡಕೆ ಒಡೀಬೇಡಿ ಅಂತ ಬರೆದಿದ್ದೀಯಲ್ಲ. ಆ ವೀರರು ನಿನ್ನ ಮಡಕೆ ಒಡೆದು ಮುಗಿಸಿ ಇಲ್ಲಿಗೆ ಬರೋದ್ರೊಳಗೆ ನಾನು ಒಂದು ತುತ್ತು ತಿಂತೀನಿ. ಒಡೆಯೋದು ಬಿಟ್ರೆ ಬೆಳಗಾಗೋ ಹೊತ್ತಿಗೇ ನನ್ನ ಹತ್ರ ಬರ್ತಾರೆ. ಹಸಿದ ಹೊಟ್ಟೇಲಿ ಸಾಯ್ಲಾ ನಾನು?"

"ನಿಮ್ಮ ಊಟಕ್ಕೋಸ್ಕರ ನನ್ನ ಮಡಕೆ ಒಡೀಬೇಕೇನು ರಾಕ್ಷಸಣ್ಣ?" ಎಂದು ಕುಂಬಾರನೂ ದನಿ ಏರಿಸಿದ.

ಉತ್ತರವಾಗಿ ಗದೆ ಮೇಲೆದ್ದಿತು. ಕುಂಬಾರ ಪುಸ್ತಕವನ್ನು ಮಡಕೆಗೆ ತುರುಕಿ, ಮಡಕೆಯನ್ನು ಎದೆಗವಚಿಕೊಂಡು, ಬಿದ್ದೆನೋ ಕೆಟ್ಟೆನೋ ಎಂದು ಬೆಟ್ಟ ಇಳಿದ.

ಮನೆ ಸೇರಿದಾಗ ಬಿಸಿಲು ಇಳಿಯುತ್ತಿತ್ತು. ಹೆಂಡತಿ ಅವನ ಮುಖ ನೋಡಿಯೇ ವಿಷಯ ತಿಳಿದುಕೊಂಡಳು. ಮಡಕೆಯನ್ನು ಇಸಿದುಕೊಂಡು, ಮಾರಾಟಕ್ಕಿಟ್ಟ ಸಾಲಿನ ಕೊನೆಯಲ್ಲಿಟ್ಟು, ಕೈಕಾಲು ತೊಳೆದುಕೊಂಡು ಬನ್ನಿ ಅಂದಳು. ಅವನು ಹಿತ್ತಿಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡನೋ ಇಲ್ಲವೋ, ಮುಂದಿನ ಕೋಣೆಯಿಂದ ಫಟ್ಟೆಂದಿತು. ಬೆಳಗಿನ ಅದೇ ಕೊಂಬಿನ ಟೋಪಿ! ವೀರ ಸಾಲಿನ ಒಂದು ತುದಿಯಿಂದ ಶುರು ಮಾಡಿದ್ದ.

"ಅದರಲ್ಲಿ ಏನೂ ಇಲ್ಲ ಮಾರಾಯಾ!" ಎಂದು ಕೂಗುತ್ತ ಕುಂಬಾರ ಓಡಿ ಬಂದ. ಒಂದೊಂದು ಮಡಕೆ ಒಡೆದಾಗಲೂ ಅದನ್ನೇ ಕೂಗಿದ. ವೀರ ಕೊನೆಯದಕ್ಕೂ ಏಟು ಹಾಕಿದ. ಪುಸ್ತಕ ಹೊರಬಿತ್ತು. ವೀರರಿಗೆ ಅಪರೂಪದ್ದು ಸಿಕ್ಕಾಗ ಊದುವಂತೆ ಎಲ್ಲಿಂದಲೋ ಕಹಳೆ ಊದಿತು. ವೀರ ಪುಸ್ತಕ ನೋಡಿದ, ಕುಂಬಾರನನ್ನು ನೋಡಿದ. ಎಂಥ ಸುಳ್ಳ ನೀನು ಎಂಬಂತಿತ್ತು ಆ ನೋಟ. ಮತ್ತೆ ಕಿಟಕಿಯಿಂದ ಜಿಗಿದು ಪೇಟೆಯ ಕಡೆಗೆ ಓಡಿದ.

ಕುಂಬಾರ ಅಳಬೇಕು ಅಂದುಕೊಂಡವನು ಅರ್ಧಕ್ಕೇ ನಿಲ್ಲಿಸಿದ. ತಡಿ, ವೀರನಿಗೆ ಪುಸ್ತಕ ಸಿಕ್ಕಿತಲ್ಲ! ಇನ್ನು ಅದು ಗ್ರಂಥವೇ ಆಯಿತಲ್ಲ! ಇವತ್ತಿನ ಮಡಕೆ ಹೋದರೆ ಹೋಗಲಿ, ನಾಳೆಯಿಂದ ಒಂದೂ ಒಡೆಯುವುದಿಲ್ಲ. ಅವನು ಹೆಂಡತಿಗೆ ಹೀಗೆ ಹೋಗಿ ಹಾಗೆ ಬಂದೆ ಎಂದು ಹೇಳಿ, ಒದ್ದೆ ಮುಖದಲ್ಲೇ ಪೇಟೆಗೆ ನಡೆದ. ದಾರಿಯಲ್ಲಿ ದರ್ಜಿ ಸಿಕ್ಕಿ, ಸುದ್ದಿ ಕೇಳಿ, ನಾನು ಹೇಳಲಿಲ್ಲವಾ ಎಂದು ಬೆನ್ನು ತಟ್ಟಿದ.

ಪ್ರಕಾಶಕನ ಗರಿಗಳು ಆಗಲೇ ಪ್ರತಿ ಬರೆದು ಮುಗಿಸಿದ್ದವು, ಅಂಗಡಿಯ ಮುಂದೆ ಜಾತ್ರೆ. ಊರಲ್ಲಿದ್ದ ವೀರರೆಲ್ಲ ಮುಗಿಬಿದ್ದು ಕೊಳ್ಳುತ್ತಿದ್ದರು. ಪ್ರತಿಯೊಬ್ಬನೂ ಮೊದಲ ಪುಟ ಓದುವುದು, ಮುಚ್ಚುವುದು, ಚೀಲಕ್ಕೆ ಹಾಕಿಕೊಂಡು ದಡದಡ ಓಡುವುದು. ಕುಂಬಾರನ ಕಣ್ಣಲ್ಲಿ ನೀರು ಬಂತು. ತನ್ನ ಒಂದು ಪುಟಕ್ಕೆ ಇಷ್ಟು ಶಕ್ತಿಯಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಅವರೆಲ್ಲ ಓಡುತ್ತಿರುವುದು ತನ್ನ ಬೀದಿಯ ಕಡೆಗೇ ಎಂಬುದು ಗಮನಕ್ಕೆ ಬಂದದ್ದು ಆಮೇಲೆ. ಕ್ಷಮೆ ಕೇಳಲು ಹೋಗುತ್ತಿರಬೇಕು ಅಂದುಕೊಂಡ. ಅವರಿಗೂ ಒಂದು ಮನಸ್ಸು ಅಂತ ಇರುತ್ತದಲ್ಲ.

ಪ್ರಕಾಶಕ ನಗುನಗುತ್ತ ಒಂದು ಪ್ರತಿ ಕೈಗೆ ಕೊಟ್ಟ. ಕುಂಬಾರ ತೆರೆದ. ದಪ್ಪಕ್ಷರದ ಅವನ ಪುಟ ಎರಡನೆಯದಾಗಿತ್ತು. ಅದಕ್ಕಿಂತ ಮೊದಲು, ಪದ್ಧತಿಯಂತೆ, ಪ್ರಕಾಶಕನ ಪುಟ:

'ಹೆಸರು ತಿಳಿಯದ ಪ್ರಾಚೀನ ಋಷಿಯೊಬ್ಬರ ಈ ಅಮೂಲ್ಯ ಗ್ರಂಥ ಕುಂಬಾರನ ಮನೆಯ ಮಡಕೆಯೊಳಗೆ ಸಿಕ್ಕಿತು. ಎರಡನೇ ಭಾಗವೂ ಅಲ್ಲೇ ಇರಬೇಕು.'

ಅವನು ಓಡಿದ. ಬೀದಿಯ ತಿರುವಿನಲ್ಲೇ ಸದ್ದು ಕೇಳಿಸಿತು. ಹೆಂಡತಿ ಹೊರಗೆ ಜಗಲಿಯ ಮೇಲೆ ಕೂತಿದ್ದಳು. ಒಳಗೆ ವೀರರು ಮಡಕೆ ಮುಗಿಸಿ ಕುಡಿಕೆಗಳಿಗೆ ಕೈ ಹಾಕಿದ್ದರು. ಜಾಗ ಸಾಲದವರು ದರ್ಜಿಯ ಮನೆಗೂ ನುಗ್ಗಿದ್ದರು.

"ಪುಸ್ತಕ ಬಂತೇನ್ರೀ?" ಎಂದು ಅವಳು ಕೇಳಿದಳು.

"ಬಂತು ಕಣೇ."

"ಜನ ಓದ್ತಾ ಇದ್ದಾರಾ?"

ಒಳಗಿನಿಂದ ಕಹಳೆಯ ಸದ್ದೇನೂ ಬರಲಿಲ್ಲ. ಚೂರಿನ ಸದ್ದು ಮಾತ್ರ ಬಂತು. ಕುಂಬಾರ ಅವಳ ಪಕ್ಕ ಕುಸಿದು ಕೂತ.

"ಎಲ್ಲರೂ ಓದಿದ್ದಾರೆ," ಅಂದ.