ಸೈಕಾಲಜಿ ಸೀಟಿಗೆ ಹೋದ ದಿಬ್ಬಣ

ಪಿಯುಸಿ ರಿಸಲ್ಟ್ ಬಂದ ಮೇಲಿನ ಒಂದು ತಿಂಗಳು ಇದೆಯಲ್ಲ, ಆಗ ನಮ್ಮ ಶಿರಾಳಕೊಪ್ಪದಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ, ಆದರೆ ಎಲ್ಲರೂ ಎಲ್ಲರಿಗೂ ಸಲಹೆ ಕೊಡುತ್ತಿರುತ್ತಾರೆ. ಅದರಲ್ಲಿ ನಾನೂ ಒಬ್ಬಳು. ಈ ಸಲ ಬಾಯಿ ಮುಚ್ಚಿಕೊಂಡಿರಬೇಕು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತೇನೆ, ಪ್ರತಿ ವರ್ಷ ಏನಾದರೊಂದು ನಡೆದೇ ನಡೆಯುತ್ತದೆ. ಒಂದು ವರ್ಷವಂತೂ ತಲೆ ಕೆಟ್ಟು ಮೊಸರು ಗಡಿಗೆ ಆಗಿಬಿಟ್ಟಿತ್ತು.

ನಾನು ತಜ್ಞೆಯಾದದ್ದು

ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವಳು. ಒಂದು ದಿನ ಹಲ್ಲುನೋವು ಅಂತ ರಜೆ ಹಾಕಿದೆ. ಮರುದಿನ ಬಂದರೆ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ 'ಉನ್ನತ ಶಿಕ್ಷಣ ಮಾರ್ಗದರ್ಶಕರು' ಅಂತ ಹಾಕಿದ್ದರು. ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಪ್ರಿನ್ಸಿಪಾಲರ ರೂಮಿಗೆ ನುಗ್ಗಿದೆ.

"ಸಾರ್, ನನಗೆ ಇದರ ಗಂಧಗಾಳಿ ಇಲ್ಲ!"

ಅವರು ತಣ್ಣಗೆ, "ನಿನ್ನೆ ಮೀಟಿಂಗಿನಲ್ಲಿ ಇದ್ದೋರೆಲ್ಲ ಅದನ್ನೇ ಹೇಳಿದ್ರು ಮೇಡಂ. ನೀವೊಬ್ರು ಹೇಳಿರ್ಲಿಲ್ಲ" ಅಂದರು.

ನಾಲ್ಕು ಫೋನು, ನಾಲ್ಕು ಉತ್ತರ

ಮೊದಲು ಬಂದವಳೇ ಹೊಸಬಾಳೆಯ ಹುಡುಗಿ. ಹೊಲ, ಕುರಿ ಇರುವ ಮನೆಯವಳು. ಕಲಾ ವಿಭಾಗದಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು.

"ಮೇಡಂ, ನಾನು ಸೈಕಾಲಜಿ ಆನರ್ಸ್ ಮಾಡ್ಬೇಕು."

"ಸುಮ್ನೆ ಬಿಎ ಮಾಡಿ ಬಿಎಡ್ ಮಾಡು ಮಾರಾಯ್ತಿ. ಇದೆಂತಕ್ಕೆ?"

ತಮ್ಮ ಹುಟ್ಟಿದ ಮೇಲೆ ಅವಳ ಅಮ್ಮ ಬಹಳ ಕಾಲ ಯಾರ ಹತ್ತಿರವೂ ಮಾತಾಡಲಿಲ್ಲವಂತೆ. "ಎಲ್ರೂ ತಾಯ್ತ ಕಟ್ಟಿದ್ರು ಮೇಡಂ, ನಿಂಬೆಹಣ್ಣು ಕುಯ್ದ್ರು. 'ಏನಾಗ್ತೈತವ್ವ ನಿಂಗೆ' ಅಂತ ಒಬ್ರೂ ಕೇಳ್ಲಿಲ್ಲ. ಕೇಳೋದನ್ನ ಕಲೀಬೇಕು ನಾನು" ಅಂದಳು. ಇವಳಿಗೆ ಸೀಟು ಕೊಡಿಸದೆ ಬಿಡಬಾರದು ಅನ್ನಿಸಿತು.

ಹೊರಜಿಲ್ಲೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಆ ಕೋರ್ಸು ಇತ್ತು. ಫೋನ್ ಹಚ್ಚಿದೆ. ಮೊದಲನೆಯವರು, "ವಿಜ್ಞಾನ ಓದಿರಲೇಬೇಕು" ಅಂದರು. ಇನ್ನೊಬ್ಬರು, "ಯಾವ ವಿಭಾಗವಾದ್ರೂ ಆಗ್ತದೆ, ಪಿಯುಸಿಯಲ್ಲಿ ಸೈಕಾಲಜಿ ಇದ್ದಿರಬೇಕು" ಅಂದರು. ನಮ್ಮ ಕಾಲೇಜಿನಲ್ಲಿ ಆ ವಿಷಯವೇ ಇಲ್ಲ! ಮತ್ತೊಬ್ಬರು, "ಮಾಮೂಲಿ ಬಿಎಗೆ ಸೇರಿ, ಚೆನ್ನಾಗಿ ಮಾಡಿದ್ರೆ ಆಮೇಲೆ ಆನರ್ಸಿಗೆ ಬರಬಹುದು" ಅಂದರು. ಕೊನೆಗೆ ಸಿಕ್ಕವರು ಹೆಣ್ಣುಮಗಳು. "ಸೈಕಾಲಜಿ ಓದದೋರಿಗೆ ಬೇರೆ ದಾರಿ ಇದೆ ಮೇಡಂ. ಒಂದು ಸಂದರ್ಶನ, ಪಾಸಾದ್ರೆ ಒಂದು ತಿಂಗಳ ಬ್ರಿಡ್ಜ್ ಕೋರ್ಸು, ಆಮೇಲೆ ಸೀದಾ ಆನರ್ಸು."

"ಇದು ಖಾತ್ರಿಯೇನಮ್ಮ?"

"ಖಾತ್ರಿ ಅಂತಲೇ ಅನ್ಕೊಂಡಿದೀನಿ. ನಿಮಗೇನಾದ್ರೂ ಪಕ್ಕಾ ಗೊತ್ತಾದ್ರೆ ನಮಗೂ ಒಂದು ಫೋನ್ ಮಾಡಿ ಮೇಡಂ."

ಅಪ್ಪನ ಅನುಮಾನ

ಹುಡುಗಿಯ ಅಪ್ಪ ಮಾರನೇ ದಿನವೇ ಕಾಲೇಜಿಗೆ ಬಂದರು. ಹೆಗಲ ಮೇಲೆ ಕಂಬಳಿ, ಮುಖದ ತುಂಬ ಚಿಂತೆ.

"ಅಲ್ರೀ ಮೇಡಮ್ಮಾರೆ, ಡಿಗ್ರಿ ಎಷ್ಟು ವರ್ಷದ್ದು?"

"ಮೂರು."

"ಈ ಆನರ್ಸು?"

"ನಾಲ್ಕು."

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. "ನಮ್ಮೂರಲ್ಲಿ ನಾಲ್ಕನೇ ವರ್ಷ ಕಾಲೇಜಿಗೆ ಹೋದೋರು ಇಬ್ರೇ. ಇಬ್ರೂ ಫೇಲಾದೋರು. ನನ್ನ ಮಗಳು ಇನ್ನೂ ಸೇರೇ ಇಲ್ಲ, ಈಗ್ಲೇ ಫೇಲು ಅಂತ ಹೆಂಗೆ ಬರ್ಕೊಂಡ್ರು?"

ಅಯ್ಯೋ ದೇವರೇ ಅಂದುಕೊಂಡು ಬಿಡಿಸಿ ಹೇಳಿದೆ. ಇದು ಫೇಲಾದವರ ವರ್ಷವಲ್ಲ, ಹೆಚ್ಚಿನ ಓದು. ಮೂರು ವರ್ಷ ಚೆನ್ನಾಗಿ ಓದಿದವರನ್ನು ಮಾತ್ರ ನಾಲ್ಕನೇ ವರ್ಷಕ್ಕೆ ಉಳಿಸಿಕೊಳ್ಳುತ್ತಾರೆ ಅಂದೆ. ಅವರು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರು. ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, "ಹಂಗಾದ್ರೆ ಸ್ವಲ್ಪ ಕಮ್ಮಿ ಓದು ಅಂತೀನಿ ಬಿಡ್ರೀ. ಮೂರಕ್ಕೇ ಮನೆಗೆ ಕಳಿಸ್ಲಿ" ಅಂದರು.

ಸೇರುವ ಮೊದಲೇ ಡಾಕ್ಟರು

ಸುದ್ದಿ ಸೊರಬದ ಬಸ್ಸು ಹತ್ತಿತು. ಕಂಡಕ್ಟರು ದಿನಾ ಹುಡುಗಿಯನ್ನು ಕೆಣಕುವುದು, "ಸೈಕಾಲಜಿಯೋರೇ, ನನ್ನ ಮನಸ್ಸಲ್ಲಿ ಏನೈತೆ ಹೇಳ್ರೀ ನೋಡಾಣ!" ಅವಳು, "ಚಿಲ್ಲರೆ ಕೊಡಬಾರದು ಅಂತೈತೆ" ಅಂದಳಂತೆ. ಅವತ್ತಿನಿಂದ ಅವನು ಅವಳಿಗೆ ಹೆದರತೊಡಗಿದ.

ಒಂದು ಮಧ್ಯಾಹ್ನ ಉಳವಿಯ ಕಡೆಯ ಹೆಂಗಸೊಬ್ಬಳು ಅತ್ತೆಯನ್ನು ಕೈ ಹಿಡಿದು ಎಳೆದುಕೊಂಡು ಸೀದಾ ನಮ್ಮ ಸ್ಟಾಫ್ ರೂಮಿಗೇ ಬಂದಳು. "ಇಲ್ಲಿ ಮನಸ್ಸು ನೋಡೋ ಹುಡುಗಿ ಇದಾಳಂತಲ್ರೀ. ನಮ್ಮತ್ತೇನ ತೋರಿಸ್ಬೇಕಿತ್ತು."

"ಅವಳಿಗಿನ್ನೂ ಸೀಟೇ ಸಿಕ್ಕಿಲ್ಲ ಕಣಮ್ಮ!" ಅಂದೆ.

ಅತ್ತೆಯ ಮುಖ ಅರಳಿತು. "ಸೀಟು ಸಿಕ್ಕಿದ ಮೇಲೆ ನಾನು ಇವಳನ್ನ ಕರ್ಕೊಂಡು ಬರ್ತೀನಿ ಬಿಡವ್ವ."

ಹೆಣ್ಣಿನ ಕಡೆಯವರು

ಸಂದರ್ಶನದ ದಿನ ಬಂತು. ಕೊನೆಯ ಫೋನಿನವರ ಮಾತು ನಂಬಿ ಅರ್ಜಿ ಹಾಕಿಸಿದ್ದೆ; ವಿಶ್ವವಿದ್ಯಾಲಯದಿಂದ ಬಂದ ಪತ್ರದಲ್ಲಿ 'ಪಾಲಕರೊಂದಿಗೆ ಹಾಜರಾಗಿ' ಅಂತಿತ್ತು. ಬೆಳಿಗ್ಗೆ ಕಾಲೇಜಿನ ಮುಂದೆ ನೋಡಿದರೆ, ಸಂತೆಗೆ ಕುರಿ ಒಯ್ಯುವ ಪಿಕಪ್ ಗಾಡಿ ತೊಳೆದು, ಜಮಖಾನ ಹಾಸಿ, ಅಪ್ಪ, ಅಜ್ಜಿ, ಊರಿನ ಮೂವರು ಹಿರಿಯರು ಹೊಸ ಬಟ್ಟೆ ಉಟ್ಟು ಕೂತಿದ್ದರು.

"ಇದೇನ್ರೀ ಇಷ್ಟು ಜನ?" ಅಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೆಣ್ಣು ಕಳಿಸೋ ಮನೆ ನೋಡಬ್ಯಾಡ್ವಾ? ನೀವು ನಡುವೆ ನಿಂತು ಮಾತಾಡಿಸಿದೋರು, ನೀವೂ ಹತ್ರಿ."

ಹತ್ತಿದೆ. ಇನ್ನೇನು ಮಾಡಲಿ!

ವಿಶ್ವವಿದ್ಯಾಲಯದಲ್ಲಿ ಹಿರಿಯರು ಮನೆ ನೋಡುವ ಶಾಸ್ತ್ರವನ್ನು ಚಾಚೂ ತಪ್ಪದೆ ಮಾಡಿದರು. ಒಬ್ಬರು ಹಾಸ್ಟೆಲಿನ ನಲ್ಲಿಗಳನ್ನೆಲ್ಲ ತಿರುಗಿಸಿ ನೀರು ನೋಡಿದರು. ಇನ್ನೊಬ್ಬರು ಅಡುಗೆಮನೆಗೆ ಹೋಗಿ ಅಕ್ಕಿ ಮೂಸಿದರು. ಮೂರನೆಯವರು ವಾಚ್‌ಮನ್ನನ ಪಕ್ಕ ಕೂತು, "ಈ ಮೇಷ್ಟ್ರು ಹೆಂಗೆ, ಸಿಡುಕೇನು?" ಅಂತ ವಿಚಾರಿಸಿದರು. ನಾನು ಕಂಬದ ಮರೆಯಲ್ಲಿ ನಿಂತುಬಿಟ್ಟೆ.

ಒಳಗೆ ವಿಭಾಗದ ಮುಖ್ಯಸ್ಥರು ಪ್ರಶ್ನೆ ಕೇಳುವ ಮೊದಲೇ ಅಜ್ಜಿ ಅವರ ಊರು, ಮನೆತನ, ಸಕ್ಕರೆ ಕಾಯಿಲೆ ಎಲ್ಲ ಕೇಳಿ ಮುಗಿಸಿದ್ದಳು. ಆಮೇಲೆ ಹುಡುಗಿಯ ಸರದಿ. ನನಗೆ ಹೇಳಿದ ಅಮ್ಮನ ಮಾತನ್ನೇ ಅಲ್ಲೂ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆಯ್ಕೆಯಾಯ್ತಮ್ಮ. ಇನ್ನು ಒಂದು ಗಂಟೆಯೊಳಗೆ ಪಾಲಕರು ಒಪ್ಪಿ ಸಹಿ ಹಾಕ್ಬೇಕು. ಇಲ್ದಿದ್ರೆ ಸೀಟು ಮುಂದಿನೋರಿಗೆ ಹೋಗ್ತದೆ."

ಅಪ್ಪ ಅಜ್ಜಿಯ ಮುಖ ನೋಡಿದರು. ಅಜ್ಜಿ ಸೆರಗು ಸರಿಮಾಡಿಕೊಂಡು, "ಊರಿಗೆ ಹೋಗಿ ತಿಳಿಸ್ತೀವಿ" ಅಂದಳು.

ನಾನು ನಡುವೆ ಬಾಯಿ ಹಾಕಿದೆ. "ಅಜ್ಜಿ, ಇವತ್ತೇ ಹೇಳ್ಬೇಕು!"

"ಅವ್ರ ಎದುರಿಗೇ ಹೂಂ ಅಂದ್ರೆ ಹೆಣ್ಣಿನ ಕಡೆಯೋರಿಗೆ ಏನು ಮರ್ಯಾದೆ? ಎಂಟು ದಿನ ಬಿಟ್ಟು ಹೇಳಿ ಕಳಿಸ್ತೀವಿ."

ನಾನು ಗೋಗರೆದೆ. ಮುಖ್ಯಸ್ಥರು ನಿಯಮ ಓದಿ ಹೇಳಿದರು. ಅಜ್ಜಿ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಗಡಿಯಾರ ನೋಡಿದಷ್ಟೂ ನನಗೆ ಅಳು ಬರುತ್ತಿತ್ತು. ಹುಡುಗಿ ಮಾತ್ರ ಎದ್ದು ಹೊರಗೆ ಹೋದಳು. ಪಾಪ, ಅಳೋಕೆ ಹೋದಳು ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಕ್ಯಾಂಟೀನಿನಿಂದ ತಟ್ಟೆ ತುಂಬ ಬಿಸಿ ಕೇಸರಿಬಾತು ಹಿಡಿದು ಬಂದಳು. "ಅಜ್ಜಿ, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ. ತಿನ್ನು." ಹಸಿದಿದ್ದ ಅಜ್ಜಿ ಗಬಗಬ ತಿಂದಳು. ಹಿರಿಯರೂ ಕೈ ಹಾಕಿದರು. ತಟ್ಟೆ ಖಾಲಿಯಾದ ಮೇಲೆ ಹುಡುಗಿ ಮೆಲ್ಲಗೆ ಅಂದಳು, "ಒಪ್ಪಿಗೆ ಇಲ್ದಿದ್ರೆ ಗಂಡಿನ ಮನೇಲಿ ಸಿಹಿ ಮುಟ್ಟಬಾರದು ಅಂತ ನೀನೇ ಹೇಳ್ತಿದ್ಯಲ್ಲಜ್ಜಿ. ಈಗ ಎಲ್ರೂ ತಿಂದ್ರಿ."

ಬೆರಳು ನೆಕ್ಕುತ್ತಿದ್ದ ಹಿರಿಯರ ಕೈಗಳು ಬಾಯಿಯ ಹತ್ತಿರವೇ ನಿಂತವು. ಅಜ್ಜಿ ತಟ್ಟೆ ನೋಡಿದಳು, ಮೊಮ್ಮಗಳನ್ನು ನೋಡಿದಳು. ಕೊನೆಗೆ ಮಗನ ಕಡೆ ತಿರುಗಿ, "ಹಾಕೋ ಸಹಿ" ಅಂದಳು. ಆಮೇಲೆ ಮುಖ್ಯಸ್ಥರ ಮೇಜಿನ ಮೇಲೆ ಎರಡೂ ಕೈ ಊರಿ ಕೇಳಿದಳು:

"ಅಲ್ರೀ ಬೀಗರೇ, ನನ್ನಂಥೋಳನ್ನೇ ಒಂದು ತಟ್ಟೆ ಕೇಸರಿಬಾತಲ್ಲಿ ಒಪ್ಪಿಸಿಬಿಟ್ಳು. ಇವಳಿಗೆ ನೀವು ಇನ್ನೇನು ಕಲಿಸ್ತೀರಿ?"