ಹೊಸ ಬ್ಯಾಟರಿ, ಹೊಸ ಧೋತರ

ಆ ದಿನದ ರಗಳೆಗೆಲ್ಲ ಮೂಲ ಒಂದು ಚಕ್ಕುಲಿ ಬುಟ್ಟಿ.

ಗಜೇಂದ್ರಗಡದ ಬಜಾರಿನಲ್ಲಿ ಅರಿವೆ ಅಂಗಡಿ ಇಟ್ಟಿರುವ ಅರ್ಜುನಪ್ಪನ ಮಗಳು ಲಕ್ಷ್ಮೀಗೆ ಏಳು ತಿಂಗಳು ತುಂಬಿತ್ತು. ನರಗುಂದದ ಗಂಡನ ಮನೆಯಲ್ಲಿ ಕುಬಸ, ಸೀಮಂತದ ಶಾಸ್ತ್ರ. ಕುಬಸ ಮುಗಿಸಿ, ಹೆರಿಗೆಗೆಂದು ಅವಳನ್ನು ತವರಿಗೆ ಕರೆತರಬೇಕು. ಅರ್ಜುನಪ್ಪನ ಹೆಂಡತಿ ಮಹೇಶ್ವರಿ ಉಂಡಿ, ಚಕ್ಕುಲಿಗಳ ಬುಟ್ಟಿಗಳನ್ನು ಹಿಂದಿನ ಸಂಜೆಯೇ ಕಾರಿಗೆ ಏರಿಸಿದ್ದಳು. ಒಂದು ಬುಟ್ಟಿಯ ಅಂಚು ಬಾಗಿಲಿಗೆ ಸಿಕ್ಕಿ, ಬಾಗಿಲು ಹಾಕಿದಂತೆ ಕಂಡರೂ ಪೂರ್ತಿ ಬಿದ್ದಿರಲಿಲ್ಲ. ಕಾರಿನೊಳಗಿನ ಸಣ್ಣ ದೀಪ ಬೆಳಗಾಗುವವರೆಗೆ ಚಕ್ಕುಲಿಗೆ ಕಾವಲು ಕೂತಿತ್ತು. ಮುಂಜಾನೆ ಅರ್ಜುನಪ್ಪ ಜಳಕ ಮುಗಿಸಿ, ಮಡಿಕೆ ಮುರಿಯದ ಅಂಗಿ ತೊಟ್ಟು ಬಂದು ಕೀಲಿ ತಿರುವಿದರೆ ಕಾರು ‘ಟಕ್’ ಎಂದಿತು. ಇನ್ನೊಮ್ಮೆ ತಿರುವಿದ. ಈ ಸಲ ಅದೂ ಇಲ್ಲ.

ಹಳೆಯ ಬ್ಯಾಟರಿ, ಅದು ಮುನಿಸಿಕೊಳ್ಳುವುದು ಹೊಸತೇನಲ್ಲ. ಆದರೆ ಇವತ್ತು ಮುನಿಸಿಕೊಂಡಿದ್ದು ಅರ್ಜುನಪ್ಪನ ಎದೆಗೇ ತಾಗಿತು. ಯಾಕೆಂದರೆ ಕಳೆದ ದೀಪಾವಳಿಗೆ ಮಗಳು-ಅಳಿಯನನ್ನು ಕರೆತರಲು ಹೋದಾಗ, ಬೀಗರ ಮನೆಯ ಮುಂದೆಯೇ ಈ ಕಾರು ಕೈಕೊಟ್ಟಿತ್ತು. ಬೀಗರು ಅಜ್ಜಪ್ಪನವರು, ಅಳಿಯನ ತಂದೆ, ಹಬ್ಬದ ಹೊಸ ಧೋತರ ಮೇಲೆತ್ತಿ ಕಟ್ಟಿ ತಾವೇ ಮುಂದಾಗಿ ನೂಕಿದರು. ಕಾರು ಒಮ್ಮೆಲೇ ಜಿಗಿದು ಚಾಲೂ ಆಯಿತು. ಅಜ್ಜಪ್ಪನವರು ರಾಡಿಯಲ್ಲಿ ಮೊಳಕಾಲೂರಿದರು. ಅರ್ಜುನಪ್ಪ ಅದನ್ನು ಕನ್ನಡಿಯಲ್ಲಿ ಕಂಡ. ಇಳಿದು ಹೋಗಿ ಎತ್ತಬೇಕಿತ್ತು. ಆದರೆ ನಿಂತರೆ ಕಾರು ಮತ್ತೆ ಸಾಯುತ್ತದೆ. ಹಿಂದೆ ಕೂತ ಮಗಳು “ಅಪ್ಪಾ, ಮಾವಾರು ಬಿದ್ರು” ಅಂದಳು. “ಏಳತಾರ ಏಳತಾರ” ಅಂದು, ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿ, ಹಾಗೇ ಹೊರಟುಬಿಟ್ಟಿದ್ದ.

ರಾಡಿಯಲ್ಲಿ ಬಿದ್ದ ಬೀಗನಿಗೆ ಕೈ ಬೀಸಿದವನು ಎಂದು ಆ ಓಣಿಯಲ್ಲಿ ಅವನಿಗೆ ಹೆಸರು ಬಿತ್ತು. ಅಂದಿನಿಂದ ಅವನು ನರಗುಂದದ ಕಡೆ ಮುಖ ಹಾಕಿರಲಿಲ್ಲ. ನಿನ್ನೆ ಫೋನಿನಲ್ಲಿ ಮಗಳು ಹೇಳಿದ್ದಿಷ್ಟೇ: “ಅಪ್ಪಾ, ನೀ ಉಂಡಿ ತರದಿದ್ರೂ ನಡೀತೈತಿ. ನಮ್ಮ ಮಾವಾರ ಕಡಿಂದ ಮಾತ್ರ ಗಾಡಿ ನೂಕಸಬ್ಯಾಡ.”

ಅರ್ಜುನಪ್ಪ ಬಾನೆಟ್ ಎತ್ತಿದ್ದೇ ತಡ, ಪಕ್ಕದ ಮನೆಯ ನಜೀರಸಾಬ ಚಹದ ಬಸಿ ಹಿಡಿದುಕೊಂಡೇ ಬಂದರು. ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಇಂಜಿನ್ನಿನ ವಿಷಯದಲ್ಲಿ ಯಾವ ಡ್ರೈವರನ ಮಾತನ್ನೂ ಒಪ್ಪಿದವರಲ್ಲ.

“ಕೀಲಿ ತಿರುವಪಾ, ದನಿ ಕೇಳ್ತೀನಿ.”

ತಿರುವಿದ. ದನಿಯೇ ಇರಲಿಲ್ಲ. ನಜೀರಸಾಬ ಕಣ್ಣು ಮುಚ್ಚಿ ಅದನ್ನೇ ಗಮನವಿಟ್ಟು ಕೇಳಿದರು.

“ಸತ್ತೈತಿ. ಹೊಸಾದು ತಂದು ಹಾಕು. ತರೂದು ತರ್ತಿ, ದೊಡ್ಡದ ತಾ. ನಮ್ಮ ಬಸ್ಸಿನ ಬ್ಯಾಟರಿ ಎತ್ತಾಕ ಇಬ್ಬರು ಬೇಕಾಗ್ತಿತ್ತು.”

ಕಂಪೌಂಡಿನ ಆಚೆಯಿಂದ ಅವರ ಹೆಂಡತಿ ಖತೀಜಾಬಿ ತಲೆ ಎತ್ತಿದರು. “ತಮ್ಮಾ, ಇವರು ಟಿಕೀಟ ಹರದವರು. ಇವರ ಮಾತ ಕೇಳಬ್ಯಾಡ. ಹಳೇದನ್ನ ಬಿಚ್ಚಕೊಂಡ ಹೋಗು, ಅಂಗಡಿಯಾಂವ ಅಂಥಾದ್ದ ಕೊಡ್ತಾನ.”

ಮಾತು ಸರಿಯಾಗಿತ್ತು. ಆದರೆ ಸತ್ತ ಬ್ಯಾಟರಿ ಹೊತ್ತು ಬಜಾರಿನಲ್ಲಿ ಹೋದರೆ ಪ್ರತಿ ಅಂಗಡಿಯವನೂ ಕರೆದು ಕೇಳುತ್ತಾನೆ. ದೀಪಾವಳಿಯ ಕತೆಯನ್ನು ಮತ್ತೆ ಮೊದಲಿಂದ ತೆಗೆಯುತ್ತಾನೆ. ಅದೂ ಅಲ್ಲದೆ ಅರ್ಜುನಪ್ಪ ಹುಟ್ಟಾ ಅರಿವೆ ವ್ಯಾಪಾರಿ. ಯಾವ ಖಣ ಎಷ್ಟು ಉದ್ದ ಎಂದು ಕಣ್ಣಳತೆಯಲ್ಲಿ ಹೇಳುವವನು. ಬ್ಯಾಟರಿಯ ಮೇಲೆ ಗೇಣು ಹಾಕಿ ಅಳೆದ, ಮೇಲೆ ನಾಲ್ಕು ಬೆರಳು ಕೂಡಿಸಿಕೊಂಡ. ಗೇಣನ್ನು ಹಾಗೇ ಹಿಡಿದು ಸ್ಕೂಟರ್ ಹತ್ತಲು ಬಾರದ್ದರಿಂದ ಅಳತೆಯನ್ನು ಬಾಯಿಪಾಠ ಮಾಡುತ್ತ ಹೊರಟ.

ಲಕ್ಕಲಕಟ್ಟಿಯಿಂದ ಬಂದು ಗಜೇಂದ್ರಗಡದಲ್ಲಿ ಬ್ಯಾಟರಿ ಅಂಗಡಿ ಹಾಕಿರುವ ಜಾವೀದ ಆಗಷ್ಟೇ ಬಾಗಿಲು ತೆಗೆದಿದ್ದ. ಅರ್ಜುನಪ್ಪ ಅಳತೆ ಹೇಳಿದ. ಹೇಳುವಾಗ ನಜೀರಸಾಬರ ಮಾತು ನೆನಪಾಗಿ, “ಒಂದ ನಂಬರ ದೊಡ್ಡದ ಕೊಡು” ಎಂದೂ ಸೇರಿಸಿದ.

ದೊಡ್ಡದು ಬಂತು. ಕಾರಿನ ಟ್ರೇಯಲ್ಲಿ ಅದು ಚಿಕ್ಕ ಹುಡುಗನ ಚಪ್ಪಲಿಯಲ್ಲಿ ದೊಡ್ಡವರ ಕಾಲಿನಂತೆ ನಿಂತಿತು. ಬಾನೆಟ್ ಮುಚ್ಚಲಿಲ್ಲ. “ತಗ್ಗಿಸಿ ಹಗ್ಗಾ ಕಟ್ಟಿದ್ರ ನಡೀತೈತಿ” ಎಂದು ನಜೀರಸಾಬ ಹೇಳಿದರೂ, ಬೀಗರ ಮನೆಗೆ ಹಗ್ಗ ಕಟ್ಟಿದ ಕಾರಿನಲ್ಲಿ ಹೋಗಲು ಮಹೇಶ್ವರಿ ಒಪ್ಪಲಿಲ್ಲ. ಅದನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಅರ್ಜುನಪ್ಪ ಮತ್ತೆ ಬಜಾರಿಗೆ ಹೋದ.

“ಅಳತಿ ಆತ್ರಿ ಅಣ್ಣಾರ. ಪ್ಲಸ್ ಎಡಕ್ಕೈತೋ ಬಲಕ್ಕೈತೋ?” ಎಂದು ಜಾವೀದ ಕೇಳಿದ.

ಅದನ್ನು ಅವನು ನೋಡಿರಲಿಲ್ಲ. ನೋಡಿಲ್ಲವೆನ್ನಲು ನಾಲಿಗೆ ಏಳಲಿಲ್ಲ. ಗಿರಾಕಿಗೆ ‘ಈ ಬಣ್ಣ ಹೋಗೂದಿಲ್ರಿ’ ಎಂದು ಹೇಳುವ ದನಿಯಲ್ಲೇ “ಬಲಕ್ಕ” ಅಂದ.

ಎಡಕ್ಕಿತ್ತು. ಬ್ಯಾಟರಿ ಟ್ರೇಯಲ್ಲಿ ಅಂದವಾಗಿ ಕೂತಿತು, ಆದರೆ ಕೆಂಪು ತಂತಿ ಎಷ್ಟು ಎಳೆದರೂ ಅಲ್ಲಿಗೆ ಮುಟ್ಟಲಿಲ್ಲ. “ಬ್ಯಾಟರಿ ತಿರುವಿ ಇಡು” ಎಂದರು ನಜೀರಸಾಬ. ತಿರುವಿಟ್ಟರೆ ಪ್ಲಸ್ಸು ಎಡಕ್ಕೇನೋ ಬಂತು, ಆದರೆ ಟ್ರೇಯ ಆಚೆ ಅಂಚಿಗೆ ಹೋಗಿ, ತಂತಿ ಆಗಲೂ ಮುಟ್ಟಲಿಲ್ಲ. ಮೂರನೆಯ ಸಲ ಅರ್ಜುನಪ್ಪ ಸ್ಕೂಟರಿನ ಮೇಲೆ ಹೊರಟಾಗ ಬಜಾರಿನಲ್ಲಿ ಯಾರೋ, “ಅರ್ಜುನಪ್ಪಣ್ಣ ಅರಿವಿ ಬಿಟ್ಟು ಬ್ಯಾಟರಿ ವ್ಯಾಪಾರ ಹಿಡದಾನಲ್ಲ” ಅಂದರು. ಒಂದು ಸತ್ತ ಬ್ಯಾಟರಿ ಹೊರಲು ನಾಚಿದವನು ಜೀವವಿದ್ದ ಬ್ಯಾಟರಿಗಳನ್ನು ಊರ ತುಂಬ ಮೆರವಣಿಗೆ ಮಾಡಿಸಿದ್ದ. ಕಿವಿ ಎರಡೂ ಕಾದ ಹಂಚಿನಂತಾಗಿದ್ದವು.

“ಅರಿವಿಗೆ ಸೀದಾ-ಉಲ್ಟಾ ಇರ್ತೈತಲ್ರಿ ಅಣ್ಣಾರ, ಇದಕ್ಕೂ ಐತಿ,” ಎಂದು ಜಾವೀದ ನಗುತ್ತ, ಈ ಸಲ ತಾನೇ ಬೈಕಿನಲ್ಲಿ ಬಂದು ಕೂಡಿಸಿಕೊಟ್ಟ. ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಅರ್ಜುನಪ್ಪನ ಕಣ್ಣುಗಳು ತುಂಬಿಬಂದವು.

ಹೊರಡುವ ಹೊತ್ತಿಗೆ ನಜೀರಸಾಬ ಕಿಟಕಿಗೆ ಬಾಗಿದರು. “ಒಂದ ಮಾತ ಹೇಳ್ತೀನಿ, ನೆನಪಿಡು. ಚಾಲೂ ಆದ ಗಾಡಿ ಬಂದ್ ಮಾಡಬ್ಯಾಡ. ನಮ್ಮ ಡ್ರೈವರ್ ಊಟಕ್ಕ ಇಳದ್ರೂ ಬಸ್ಸು ನಿಂತಲ್ಲೇ ಗುರುಗುಡತಿತ್ತು. ಬಂದ್ ಮಾಡಿದ್ರ ಮುಗೀತು, ಪ್ಯಾಸೆಂಜರ್ ಇಳದು ನೂಕಬೇಕು.”

‘ನೂಕಬೇಕು’ ಎಂಬ ಮಾತು ಅರ್ಜುನಪ್ಪನ ಎದೆಯಲ್ಲಿ ಮೊಳೆಯಂತೆ ಕೂತಿತು. ಬ್ಯಾಟರಿ ಹೊಸದು, ನಿಜ. ಆದರೆ ಮುಂಜಾನೆಯಿಂದ ತಾನು ಬ್ಯಾಟರಿಯ ಬಗ್ಗೆ ತಿಳಿದುಕೊಂಡದ್ದೆಲ್ಲ ತಪ್ಪಾಗಿತ್ತಲ್ಲ. ಇದೊಂದು ಸರಿ ಇರುತ್ತದೆಂದು ಯಾವ ಧೈರ್ಯದ ಮೇಲೆ ನಂಬುವುದು?

ರೋಣದಲ್ಲಿ ಪೆಟ್ರೋಲ್ ಹಾಕಿಸಲೆಂದು ಬಂಕಿಗೆ ತಿರುಗಿಸಿದ. ಮುಳ್ಳು ಕೆಳಗಿನ ಗೆರೆಯ ಹತ್ತಿರ ಬಂದಿತ್ತು. ಬಂಕಿನವನು ಪೈಪು ಹಿಡಿದು ಬಂದು, “ಇಂಜಿನ್ ಬಂದ್ ಮಾಡ್ರಿ” ಅಂದ.

“ಚಾಲೂ ಇದ್ದಾಗ ಹಾಕಾಕ ಬರೂದಿಲ್ಲೇನು?”

“ಬರೂದಿಲ್ರಿ. ಬೋರ್ಡ್ ಐತಿ ನೋಡ್ರಿ.”

“ಬಂದ್ ಮಾಡ್ರಲ್ಲ,” ಅಂದಳು ಮಹೇಶ್ವರಿ. ಅರ್ಜುನಪ್ಪ ಕೀಲಿಯ ಮೇಲೆ ಕೈ ಇಟ್ಟ. ಹಿಂದೆ ಟ್ರ್ಯಾಕ್ಟರ್ ನಿಂತಿತ್ತು, ಅದರ ಹಿಂದೆ ಬೈಕುಗಳು. ಇಲ್ಲಿ ನಿಂತುಬಿಟ್ಟರೆ? ಕೈ ತೆಗೆದು ಗೇರು ಹಾಕಿದ. “ನರಗುಂದ ಮುಟ್ಟಾಕ ಬೇಕಾದಷ್ಟೈತಿ. ಬರೂ ಮುಂದ ಹಾಕಿಸಿದ್ರಾತು.” ಬಂಕಿನವನು ಪೈಪು ಹಿಡಿದು ನಿಂತೇ ಇದ್ದ.

ನರಗುಂದದಲ್ಲಿ ಅಜ್ಜಪ್ಪನವರು ಮನೆಯ ಮುಂದೆಯೇ ನಿಂತಿದ್ದರು. ಮನೆಯಲ್ಲಿ ಶುಭಕಾರ್ಯವಿದ್ದರೂ ಉಟ್ಟದ್ದು ಮಾಸಿದ, ಅಲ್ಲಲ್ಲಿ ಹೊಲಿದ ಹಳೆಯ ಧೋತರ.

“ಬರ್ರಿ ಬೀಗರ. ನೀವು ಬರ್ತೀರಿ ಅಂತ ತಯಾರಾಗೇ ನಿಂತೀನಿ,” ಎಂದು ಧೋತರದ ಚುಂಗು ಎತ್ತಿ ತೋರಿಸಿದರು. ಓಣಿಯವರೆಲ್ಲ ನಕ್ಕರು. ಅರ್ಜುನಪ್ಪ ನೆಲ ನೋಡಿದ.

“ಈ ಸಲ ಅದರ ಗರಜ ಬೀಳೂದಿಲ್ರಿ,” ಅಂದ ಮೆಲ್ಲಗೆ.

ಅಜ್ಜಪ್ಪನವರು ಗುರುಗುಡುವ ಇಂಜಿನ್ನನ್ನು ಒಂದು ಗಳಿಗೆ ಆಲಿಸಿದರು. “ಹಂಗಾರ ಚಲೋ ಆತು,” ಎಂದು ಒಳಗೆ ಹೋಗಿ, ಕೆಂಪು ದಡಿಯ ಹೊಸ ಧೋತರ ಉಟ್ಟು ಬಂದರು. ತನಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾರೂ ಮಾಡಿಲ್ಲವೆಂದು ಅರ್ಜುನಪ್ಪನಿಗೆ ಅನಿಸಿತು. ಇನ್ನಂತೂ ಕೀಲಿ ಮುಟ್ಟುವ ಮಾತೇ ಇಲ್ಲ.

“ಗಾಡಿ ಬಂದ್ ಮಾಡ್ರಲ್ಲ ಬೀಗರ.”

“ಇರ್ಲಿ ಬಿಡ್ರಿ. ಒಳಗ ತಂಪ ಇರ್ಲಿ ಅಂತ ಎಸಿ ಹಚ್ಚೀನಿ. ಮಗಳು ಕುಂದರಬೇಕಲ್ರಿ.”

ಸುಳ್ಳು ಹೇಳಿದ ಮೇಲೆ ಎಸಿ ಹಚ್ಚಲೇಬೇಕಾಯಿತು. ಕಟ್ಟೆಯ ಮೇಲೆ ಕೂತಿದ್ದ ಅಜ್ಜಪ್ಪನವರ ತಾಯಿ ಸಕ್ಕೂಬಾಯಿ ಅದನ್ನು ಕೇಳಿಸಿಕೊಂಡರು.

“ತಂಪ ಅಂದ್ರ ಎಷ್ಟ ತಂಪಪ್ಪ?” ಎಂದು ಕೋಲೂರಿ ಬಂದು ಮುಂದಿನ ಸೀಟಿನಲ್ಲಿ ಕೂತರು. ಇಳಿಸಿದ ಬುಟ್ಟಿಗಳ ಜಾಗದಲ್ಲಿ ಓಣಿಯ ಮುದುಕಿಯರು ಒಬ್ಬರ ಮೇಲೊಬ್ಬರು ಕೂತರು. “ಇನ್ನೊಂಚೂರ ಜೋರ ಮಾಡ ಯಪ್ಪಾ,” ಎಂದು ಸಕ್ಕೂಬಾಯಿ ಅಪ್ಪಣೆ ಕೊಟ್ಟರು. ಅರ್ಜುನಪ್ಪ ಜೋರು ಮಾಡಿದ.

ಒಳಗೆ ಲಕ್ಷ್ಮೀ ಹಸಿರು ಸೀರೆ, ಮೊಳಕೈ ತನಕ ಹಸಿರು ಬಳೆ ಹಾಕಿಕೊಂಡು ಕೂತಿದ್ದಳು. ಹೆಂಗಸರು ಉಡಿ ತುಂಬಿದರು, ಆರತಿ ಎತ್ತಿದರು, ಹಾಡಿದರು. ಅರ್ಜುನಪ್ಪನ ಒಂದು ಕಿವಿಯೂ ಹಾಡಿನ ಕಡೆ ಇರಲಿಲ್ಲ. ಇಂಜಿನ್ನಿನ ದನಿ ಒಂಚೂರು ಏರುಪೇರಾದರೆ ಕೈಯ ಹೋಳಿಗೆ ಎಲೆಗೆ ಮರಳುತ್ತಿತ್ತು. ಎರಡು ಸಲ ಊಟದ ಎಲೆ ಬಿಟ್ಟು ಎದ್ದು ಹೋಗಿ ನೋಡಿಬಂದ. ಎದುರು ಮನೆಯಾಕೆ, “ನಿಮ್ಮ ಗಾಡಿ ಹೊಗಿ ನಮ್ಮ ಅಡಗಿಮನ್ಯಾಗ ಬರಾಕತ್ತೈತ್ರಿ” ಎಂದಾಗ ಕೈ ಮುಗಿದ. ಬಂದ್ ಮಾತ್ರ ಮಾಡಲಿಲ್ಲ. ಮಗಳು ದೂರದಿಂದಲೇ ಅಪ್ಪನನ್ನು ನೋಡಿ ಹುಬ್ಬು ಗಂಟು ಹಾಕಿದಳು.

ಇಳಿಹೊತ್ತಿಗೆ, ಬೀಗರಿಗೆ ಆಹೇರದ ಉಡುಗೊರೆ ಕೊಡುವ ಹೊತ್ತು ಬಂತು. ಅಜ್ಜಪ್ಪನವರು ಎದ್ದು ನಿಂತರು.

“ಬೀಗರಿಗೆ ಶಾಲು ಎಲ್ಲಾರೂ ಹೊಚ್ಚತಾರ. ಅರಿವಿ ಅಂಗಡಿಯವರಿಗೆ ನಾ ಏನ ಅರಿವಿ ಕೊಡ್ಲಿ?” ಎಂದು ಮಗ ಮಾಲತೇಶನ ಕಡೆ ಕೈ ಮಾಡಿದರು. ಅಳಿಯ ಒಳಗಿನಿಂದ ಟವೆಲ್ ಮುಚ್ಚಿದ ಭಾರದ ವಸ್ತುವೊಂದನ್ನು ಎರಡೂ ಕೈಯಲ್ಲಿ ಹೊತ್ತು ತಂದಿಟ್ಟ. ಅಜ್ಜಪ್ಪನವರು ಟವೆಲ್ ಎತ್ತಿದರು. ಅರಿಷಿಣ-ಕುಂಕುಮ ಹಚ್ಚಿ, ಹೂವಿನ ಸರ ಸುತ್ತಿದ ಹೊಚ್ಚ ಹೊಸ ಬ್ಯಾಟರಿ.

“ದೀಪಾವಳಿಗೆ ನೂಕೂಕಿಂತ ಮೊದ್ಲ ಬಾನೆಟ್ ಎತ್ತಿದ್ರಲ್ರಿ, ಆಗ ಒಂದ ಫೋಟೋ ಹೊಡಕೊಂಡಿದ್ದೆ. ಅಂಗಡಿಯಾಂವಗ ಅದನ್ನ ತೋರಿಸಿದೆ, ತಗದ ಕೊಟ್ಟ. ನಿಮ್ಮ ಗಾಡೀನೂ ಉಳೀಲಿ, ನನ್ನ ಧೋತರಾನೂ ಉಳೀಲಿ.”

ಮನೆ ತುಂಬ ನಗು. ಪ್ಲಸ್ಸು ಎಡಕ್ಕೇ ಇತ್ತು. ಅರ್ಜುನಪ್ಪ ಮೊದಲು ನೋಡಿದ್ದು ಅದನ್ನೇ. ಸುಮ್ಮನೆ ಕೈಮುಗಿದು ತೆಗೆದುಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಉಳಿದಿದ್ದ ಚೂರು ಮಾನವನ್ನು ಕಾಪಾಡಿಕೊಳ್ಳಲು ಹೋದ.

“ನಾ ಇವತ್ತ ಮುಂಜಾನೆ ಹೊಸಾದು ಹಾಕ್ಸೀನ್ರಿ ಬೀಗರ.”

“ಹೌದಾ?” ಅಜ್ಜಪ್ಪನವರು ಹೊರಗಿನ ಕಾರಿನ ಕಡೆ ತಿರುಗಿದರು. “ಹಂಗಾರ ಬಂದಾಗಿಂದ ಗಾಡಿ ಯಾಕ ಬಂದ್ ಮಾಡವಲ್ರಿ?”

ಎಲ್ಲರೂ ಉತ್ತರಕ್ಕೆ ಕಿವಿಗೊಟ್ಟರು. ಅರ್ಜುನಪ್ಪ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಕಾರು ಎರಡು ಸಲ ಕೆಮ್ಮಿ, ಮೈ ಕೊಡವಿ, ತಾನೇ ಬಂದಾಯಿತು.

“ತಂಪ ನಿಂತತಲ್ಲಪ್ಪೋ,” ಎಂದು ಸಕ್ಕೂಬಾಯಿಯ ದನಿ ಬಂತು.

ಮುದುಕಿಯರನ್ನು ಇಳಿಸಿ ಅರ್ಜುನಪ್ಪ ಕೀಲಿ ತಿರುವಿದ. ಇಂಜಿನ್ನು ‘ಗರ್‍ರ್, ಗರ್‍ರ್’ ಎಂದು ತಿರುಗಿತು, ಹತ್ತಲಿಲ್ಲ. “ಬ್ಯಾಟರಿ ನಕಲಿ ಐತಿ,” ಎಂದ ಒಬ್ಬ. “ಚಾರ್ಜ್ ಇಲ್ಲದ್ದ ಕೊಟ್ಟಾನ,” ಎಂದ ಮತ್ತೊಬ್ಬ. ಅಜ್ಜಪ್ಪನವರು ಆಹೇರದ ಬ್ಯಾಟರಿ ತರಿಸಿದರು. ಓಣಿಯೇ ಕೂಡಿ ಒಂದನ್ನು ಬಿಚ್ಚಿ ಇನ್ನೊಂದನ್ನು ಕೂಡಿಸಿತು. ಅಷ್ಟರಲ್ಲಿ ಹೊತ್ತು ಇಳಿಯುತ್ತದೆಂದು ಹೆಂಗಸರು ಲಕ್ಷ್ಮೀಯನ್ನು ಕರೆತಂದು ಹಿಂದಿನ ಸೀಟಿನಲ್ಲಿ ಕೂರಿಸಿಯೂ ಬಿಟ್ಟರು. ಕೀಲಿ ತಿರುವಿದರೆ ಹೂವಿನ ಸರದ ಬ್ಯಾಟರಿಯೂ ಅದೇ ‘ಗರ್‍ರ್’ ಅಂದಿತು.

ಸಕ್ಕೂಬಾಯಿ ಕಿಟಕಿಯಲ್ಲಿ ಇಣುಕಿದರು. “ಅಲ್ಲಪ್ಪ, ಅಲ್ಲೊಂದ ಹಳದಿ ದೀಪ ಹತ್ತೈತಲ್ಲ, ಪೆಟ್ರೋಲ್ ಪಂಪಿನ ಚಿತ್ರದ್ದು, ಅದು ಊಟಕ್ಕಿಂತ ಮೊದ್ಲಿಂದ ಹತ್ತೈತಿ. ಚಂದ ಕಂಡತು, ನೋಡಕೋತ ಕುಂತಿದ್ದೆ.”

ಓಣಿಗೆ ಓಣಿಯೇ ಅರ್ಜುನಪ್ಪನ ಕಡೆ ನೋಡಿತು. ಮಹೇಶ್ವರಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಬಂಕು ಮುಂದಿನ ತಿರುವಿಗೇ ಐತಿ,” ಎಂದ ಅಳಿಯ. “ಆದ್ರ ಬಾಟ್ಲಿಗೆ ಹಾಕಿ ಕೊಡೂದಿಲ್ಲ.”

“ನಾ ಇಳಿಲ್ಯಾ?” ಎಂದಳು ಲಕ್ಷ್ಮೀ.

“ಉಡಿ ತುಂಬಿಸಿಕೊಂಡ ಹೊಂಟಾಕಿ ಮತ್ತ ಇಳಿಯಬಾರದು,” ಎಂದರು ಸಕ್ಕೂಬಾಯಿ.

ಅಜ್ಜಪ್ಪನವರು ತಮ್ಮ ಕೆಂಪು ದಡಿಯ ಧೋತರವನ್ನು ಮೇಲಿನಿಂದ ಕೆಳತನಕ ನೋಡಿಕೊಂಡರು. “ಹಳೇದು ಉಟ್ಕೊಂಡ ಬರ್ಲ್ಯಾ?” ಎಂದು ತಾಯಿಯನ್ನು ಕೇಳಿದರು.

“ಹೊತ್ತಾತು. ನೂಕ.”

ಮಾಲತೇಶ ಸ್ಟೇರಿಂಗ್ ಹಿಡಿದ. ಅರ್ಜುನಪ್ಪ ಹಿಂದೆ ಬಂದು, ಬೀಗರ ಭುಜಕ್ಕೆ ಭುಜ ಕೊಟ್ಟು ನಿಂತ. ಈ ಸಲ ಕೈ ಬೀಸಲು ಕೈಯೇ ಖಾಲಿ ಇರಬಾರದೆಂದು ಎರಡನ್ನೂ ಡಿಕ್ಕಿಯ ಮೇಲೆ ಊರಿದ. ಬಾನೆಟ್ಟಿನೊಳಗೆ ಒಂದು ಹೊಸ ಬ್ಯಾಟರಿ, ಡಿಕ್ಕಿಯೊಳಗೆ ಖಾಲಿ ಬುಟ್ಟಿಗಳ ನಡುವೆ ಇನ್ನೊಂದು. ದೀಪಾವಳಿಗಿಂತ ಕಾರು ಭಾರವಾಗಿತ್ತು.

“ಬೀಗರ, ತಪ್ಪಾತ್ರಿ,” ಅಂದ ಅರ್ಜುನಪ್ಪ. ದೀಪಾವಳಿಯಿಂದ ಬಾಯಲ್ಲೇ ಉಳಿದಿದ್ದ ಮಾತು ಅದು.

“ಮೊದ್ಲ ನೂಕ್ರಿ,” ಅಂದರು ಅಜ್ಜಪ್ಪನವರು.

ಮಕ್ಕಳು, ಮುದುಕಿಯರು, ಹೊಗೆ ಕುಡಿದ ಎದುರು ಮನೆಯಾಕೆ, ಎಲ್ಲರನ್ನೂ ಹಿಂದೆ ಕಟ್ಟಿಕೊಂಡು ಕಾರು ಬಂಕು ಮುಟ್ಟಿತು. ಪೈಪು ಹಿಡಿದವನು ಹತ್ತಿರ ಬಂದು, ಯಾರ ಮುಖವನ್ನೂ ನೋಡದೆ, ದಿನವೆಲ್ಲ ಹೇಳಿ ರೂಢಿಯಾದ ಮಾತನ್ನೇ ಹೇಳಿದ: “ಇಂಜಿನ್ ಬಂದ್ ಮಾಡ್ರಿ.”

ಅರ್ಜುನಪ್ಪ ಡಿಕ್ಕಿಯಿಂದ ತಲೆ ಎತ್ತಲಿಲ್ಲ.

“ಬಂದ್ ಐತ್ರಿ,” ಅಂದ.